ಅಂಗಳದ ಹುಲ್ಲು, ಅತ್ತೆಯವರ ಹುಳಿಸೊಪ್ಪು

ಹುಲ್ಲಿನ ವಿಚಾರಕ್ಕೂ ಹೆಂಗಸರಿಗೂ ಏನು ಸಂಬಂಧ ಅಂತ ಮೂಗು ಮುರಿಯಬೇಡಿ. ಈಗ ನಮ್ಮಂತಹ ಊರುಗಳಲ್ಲೂ ಹೊಸ ಬಡಾವಣೆಗಳ ಮನೆ ಮುಂದೆ ‘ಲಾನ್’ ಬಂದಿದೆ. ಮೊದಲು ಅಲ್ಲಿ ಸಗಣಿ ಸಾರಿಸಿ ರಂಗೋಲಿ ಹಾಕುತ್ತಿದ್ದೆವು, ಸಂಡಿಗೆ ಒಣಗಿಸುತ್ತಿದ್ದೆವು. ಈಗ ಹಸಿರು ಕಂಬಳಿ ಹಾಸಿದ ಹಾಗೆ ಹುಲ್ಲು. ಅದನ್ನು ಹಾಕಿಸುವವರು ಗಂಡಸರು. ಅದಕ್ಕೆ ನೀರು ಹಾಕುವವರು, ಕಳೆ ಕೀಳುವವರು ಯಾರು ಅಂತ ನಾನು ಹೇಳಬೇಕೇ?

ನಮ್ಮದು ಹಾಸನ. ನಾಲ್ಕು ವರ್ಷದ ಹಿಂದೆ ಸಾಲ ಸೋಲ ಮಾಡಿ ಮನೆ ಕಟ್ಟಿಸಿದೆವು. ಮುಂದೆ 12 ಅಡಿ ಅಗಲ, 15 ಅಡಿ ಉದ್ದದ ಜಾಗ ಉಳಿಯಿತು. ನನಗೆ ಅಲ್ಲಿ ನಾಲ್ಕು ಬದನೆ, ಒಂದು ಕರಿಬೇವು ಹಾಕುವ ಆಸೆ. ನಮ್ಮವರಿಗೆ ಲಾನ್ ಆಸೆ. ಅವರ ಮೇಲಿನ ಅಧಿಕಾರಿಯೊಬ್ಬರ ಬಂಗಲೆಯ ಮುಂದೆ ನೋಡಿದ್ದರಂತೆ. ಕೊನೆಗೆ ಲಾನೇ ಗೆದ್ದಿತು. ಕರಿಬೇವು ಹಿತ್ತಲಿಗೆ ಹೋಯಿತು, ತುಳಸಿಕಟ್ಟೆ ಒಂದು ಮೂಲೆ ಹಿಡಿಯಿತು. ಬದನೆಯ ಮಾತು ಅಲ್ಲಿಗೇ ನಿಂತಿತು.

ಮೊದಲ ವರ್ಷ ಚೆನ್ನಾಗಿತ್ತು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಹುಲ್ಲಿನ ನಡುವೆ ಅಲ್ಲಲ್ಲಿ ಮೂರು ಮೂರು ಎಲೆಯ ಸಣ್ಣ ಗಿಡ ಕಾಣಿಸಿಕೊಂಡಿತು. ಮೂರನೆಯ ವರ್ಷಕ್ಕೆ ಅರ್ಧ ಲಾನ್ ಅದರದ್ದೇ. ನಮ್ಮವರು ಅದರ ಫೋಟೋ ತೆಗೆದು ಮೊಬೈಲಿನಲ್ಲಿ ಹುಡುಕಿ, “ಇದು ಕ್ಲೋವರ್ ಕಣೇ, ಫಾರಿನ್ ಕಳೆ” ಅಂದರು. ಅಮೆರಿಕದಲ್ಲಿರುವ ನನ್ನ ಅಣ್ಣನ ಮಗಳಿಗೂ ಆ ಫೋಟೋ ಹೋಯಿತು. ಅವಳು ನಕ್ಕು, ತನ್ನ ಮನೆಯ ಹುಲ್ಲಿನಲ್ಲಿರುವ ನಿಜವಾದ ಕ್ಲೋವರಿನ ಫೋಟೋ ಕಳಿಸಿದಳು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಅಕ್ಕತಂಗಿಯರ ಹಾಗಿದ್ದವು, ಆದರೆ ಕುಲವೇ ಬೇರೆ.

ನಿಮ್ಮ ಮನೆಯಲ್ಲೂ ಈ ಮೂರೆಲೆಯ ತಂಟೆ ಇದ್ದರೆ ಮೊದಲು ಅದು ಯಾವುದು ಅಂತ ನೋಡಿಕೊಳ್ಳಿ. ಕ್ಲೋವರಿನ ಎಲೆಯ ತುದಿ ದುಂಡಗೆ, ಎಲೆಯ ಮೇಲೆ ಸಾಮಾನ್ಯವಾಗಿ ಬಿಳಿ ಗೀರು ಬಳೆಯ ಚೂರಿನ ಹಾಗೆ ಇರುತ್ತದೆ. ಹೂವು ಬಿಳಿ ಪುಟ್ಟ ಚೆಂಡು. ಅದಕ್ಕೆ ತಂಪು ಬೇಕು. ನಮ್ಮ ಕಡೆ ಊಟಿಯಂತಹ ಬೆಟ್ಟದ ಊರಿನಲ್ಲಿ ಕಾಣುತ್ತದೆ. ನಮ್ಮ ಅಂಗಳದಲ್ಲಿ ಬಂದದ್ದು ಅದಲ್ಲ. ಇದರ ಒಂದೊಂದು ಎಲೆಯೂ ತುದಿಯಲ್ಲಿ ಕಚ್ಚಿದ ಹಾಗೆ ಸೀಳಿ, ಇಸ್ಪೀಟಿನ ಆಟೀನಿನಂತೆ ಇರುತ್ತದೆ. ಐದು ಎಸಳಿನ ಹಳದಿ ಹೂವು. ಕಾಯಿ ನೆಟ್ಟಗೆ ನಿಂತ ಪುಟ್ಟ ಬೆಂಡೆಕಾಯಿ. ಸಂಜೆಯಾಯಿತೆಂದರೆ ಎಲೆ ಮಡಿಸಿಕೊಂಡು ಮಲಗಿಬಿಡುತ್ತದೆ. ಬಾಯಿಗೆ ಹಾಕಿದರೆ ಹುಳಿ.

ಹುಳಿ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನಕ್ಕೆ ಗುರುತು ಸಿಕ್ಕಿರಬೇಕು. ಅದೇ ಹುಳಿಸೊಪ್ಪು! ಕೆಲವು ಕಡೆ ಪುಲ್ಲಂಪುರಚಿ ಅಂತಾರೆ. ಆಯುರ್ವೇದದವರು ಚಾಂಗೇರಿ ಅಂತಾರೆ. ಅದನ್ನು ಹಾಕಿ ಕಾಯಿಸಿದ ತುಪ್ಪಕ್ಕೇ ಚಾಂಗೇರಿ ಘೃತ ಅಂತ ಹೆಸರು. ಶಾಲೆಗೆ ಹೋಗುವಾಗ ಬೇಲಿ ಬುಡದಿಂದ ಕಿತ್ತು ಉಪ್ಪು ಹಚ್ಚಿಕೊಂಡು ತಿಂದವರು ನಾವು. ತಾಮ್ರದ ಚೊಂಬಿಗೆ ಈ ಸೊಪ್ಪು ಹಾಕಿ ಉಜ್ಜಿದರೆ ಹುಣಸೆಹಣ್ಣಿನಲ್ಲಿ ತಿಕ್ಕಿದ ಹಾಗೆ ಫಳಫಳ ಅನ್ನುತ್ತದೆ. ಅದರಲ್ಲಿರುವ ಆಕ್ಸಾಲಿಕ್ ಆಮ್ಲದ ಕೆಲಸ ಅದು.

ಇನ್ನು ನಮ್ಮ ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಅವರಿಗೀಗ 79 ವರ್ಷ. ಶೃಂಗೇರಿ ಕಡೆಯ ಹಳ್ಳಿಯವರು. ಮಾವನವರು ಹೋದಮೇಲೆ ಅಲ್ಲಿಯ ಮನೆ ತೋಟ ದಾಯಾದಿಗಳಿಗೆ ಬಿಟ್ಟು ನಮ್ಮ ಜೊತೆ ಬಂದರು. ಬಂದ ಮೇಲೆ ಮಾತೇ ಕಡಿಮೆಯಾಯಿತು. ಊಟಕ್ಕೆ ಕರೆದರೆ ಬರುತ್ತಿದ್ದರು, ಇಲ್ಲದಿದ್ದರೆ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂತಿರುತ್ತಿದ್ದರು. ಟೈಲ್ಸ್ ನೆಲ, ಗ್ಯಾಸ್ ಒಲೆ, ಗೇಟಿಗೆ ಬೀಗ. ಇಡೀ ಮನೆಯಲ್ಲಿ ಅವರ ಕೈಗೆ ಸಿಗುವಂಥದು ಏನೂ ಇರಲಿಲ್ಲ. “ನಿನ್ನ ಮನೆಯಲ್ಲಿ ಎಲ್ಲಾ ಚೆನ್ನಾಗಿದೆ ಮಾರಾಯ್ತಿ, ನಂಗೆ ಕೆಲಸ ಒಂದಿಲ್ಲ” ಅಂದಿದ್ದರು ಒಮ್ಮೆ. ಆ ಮಾತು ನನಗೆ ಚುಚ್ಚಿತ್ತು. ನಮಗೂ ಆ ಕಾಲ ಬರುವುದಿದೆಯಲ್ಲ?

ಹುಳಿಸೊಪ್ಪು ಹುಟ್ಟಿದ ಮೇಲೆ ಅವರ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಎದ್ದು, ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಿಧಾನಕ್ಕೆ ನಡೆದು, ಕುಕ್ಕರುಗಾಲಿನಲ್ಲಿ ಕೂರಲಾಗದಿದ್ದರೂ ಒಂದು ಮಣೆ ಹಾಕಿಕೊಂಡು, ಸೊಪ್ಪು ಚಿವುಟಿ ಮಡಿಲಿಗೆ ಹಾಕಿಕೊಂಡು ಬರುವುದು. ವಾರಕ್ಕೆರಡು ದಿನ ತಂಬುಳಿ. ಒಂದು ದಿನ ಗೊಜ್ಜು. ದೇವರ ತಾಮ್ರದ ಸಾಮಾನು ತಾವೇ ಉಜ್ಜುವುದು. ತಂಬುಳಿ ಬಡಿಸುವಾಗ ಅವರ ಬಾಯಿಂದ ಹಳೆಯ ಕತೆಗಳೂ ಬರಲು ಶುರುವಾದವು. ಒಬ್ಬ ಬಾಣಂತಿಗೆ ಏನು ಕೊಟ್ಟರು, ಯಾವ ಮಳೆಯಲ್ಲಿ ಹಳ್ಳ ಉಕ್ಕಿತು, ಮಾವನವರು ಯಾವುದಕ್ಕೆ ಸಿಟ್ಟು ಮಾಡುತ್ತಿದ್ದರು, ಎಲ್ಲಾ. ನನ್ನ ಮಗಳು ಮೊಬೈಲ್ ಕೆಳಗಿಟ್ಟು ಕೇಳುತ್ತಿದ್ದಳು. ಇದಕ್ಕಿಂತ ಹೆಚ್ಚು ಏನು ಹೇಳಲಿ?

ಹೀಗಿರುವಾಗ ಕಳೆದ ವರ್ಷ ಮಗಳನ್ನು ನೋಡಲು ಬೆಂಗಳೂರಿನಿಂದ ಗಂಡಿನ ಕಡೆಯವರು ಬರುತ್ತಾರೆ ಅಂತಾಯಿತು. ಇನ್ನು ಒಂದು ತಿಂಗಳಿತ್ತು. ನಮ್ಮವರಿಗೆ ಮನೆಯ ಸುಣ್ಣಬಣ್ಣಕ್ಕಿಂತ ಲಾನಿನದೇ ಚಿಂತೆ. “ಗೇಟು ತೆರೆದ ಕೂಡಲೇ ಕಳೆ ಕಂಡರೆ ಏನಂದ್ಕೋತಾರೆ?” ಅಂತ. ಒಂದು ನರ್ಸರಿಯಿಂದ ಹುಡುಗನನ್ನು ಕರೆತಂದರು. ಆತ ಬಗ್ಗಿಯೂ ನೋಡಲಿಲ್ಲ. “ಟೂ ಫೋರ್ ಡಿ ಹೊಡೆದುಬಿಡೋಣ ಸಾರ್, ಎಲೆ ಅಗಲ ಇರೋದೆಲ್ಲಾ ಸಾಯತ್ತೆ, ಹುಲ್ಲು ಉಳಿಯತ್ತೆ. ಭಾನುವಾರ ಬರ್ತೀನಿ” ಅಂದ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲಾ ಕೇಳುತ್ತಿದ್ದರು. ಒಂದು ಮಾತಾಡಲಿಲ್ಲ. ಮಾರನೆಯ ದಿನ ಅಂಗಳಕ್ಕೂ ಇಳಿಯಲಿಲ್ಲ. ಕೇಳಿದರೆ, “ಅವನ ಮನೆ, ಅವನ ಹುಲ್ಲು. ನಂದೇನಿದೆ?” ಅಂದರು.

ಮದುವೆಯಾಗಿ 25 ವರ್ಷ ನಮ್ಮವರ ಮಾತಿಗೆ ಎದುರಾಡಿದ್ದು ಕಡಿಮೆ. ಆವತ್ತು ರಾತ್ರಿ ಊಟವಾದ ಮೇಲೆ ಹೇಳಿದೆ: “ರೀ, ಆ ಔಷಧಿ ಬೇಡ. ಅಮ್ಮ ದಿನಾ ಬರಿಗಾಲಲ್ಲಿ ಅಲ್ಲೇ ನಡೀತಾರೆ, ಅಲ್ಲಿಂದಲೇ ಕಿತ್ತು ತಿಂತಾರೆ.” ಅವರು, “ನಾಲ್ಕು ದಿನ ತಿನ್ನದಿದ್ರೆ ಆಯ್ತು. ಸೊಪ್ಪು ಬೇಕಾದ್ರೆ ಮಾರ್ಕೆಟ್ಟಲ್ಲಿ ಸಿಗಲ್ವಾ?” ಅಂದರು. “ಈ ಸೊಪ್ಪು ಯಾವ ಮಾರ್ಕೆಟ್ಟಲ್ಲಿ ಇಟ್ಟಿದಾರೆ ಹೇಳಿ, ಹೋಗಿ ತರ್ತೀನಿ” ಅಂದೆ. ಅದಕ್ಕೆ ಉತ್ತರ ಬರಲಿಲ್ಲ. ದೀಪ ಆರಿಸಿ ಮಲಗಿಬಿಟ್ಟರು.

ಗಂಡಸರಿಗೆ ಬರೀ ‘ಬೇಡ’ ಅಂದರೆ ಸಾಲುವುದಿಲ್ಲ, ಲೆಕ್ಕ ಕೊಡಬೇಕು. ನನ್ನ ತಂಗಿಯ ಯಜಮಾನರು ಕೃಷಿ ಓದಿದವರು. ಅವರಿಗೆ ಫೋನ್ ಮಾಡಿ ಕೇಳಿ ಬರೆದಿಟ್ಟುಕೊಂಡೆ. ಆ ಔಷಧಿ ಹುಲ್ಲಿನ ಜಾತಿಯನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಕೊಲ್ಲುವಂಥದು. ಅಮೆರಿಕದಲ್ಲಿ 1945ರ ಸುಮಾರಿಗೆ ಮಾರಾಟಕ್ಕೆ ಬಂತು. ಅದಕ್ಕೆ ಮೊದಲು ಅಲ್ಲಿಯ ಜನ ಲಾನ್ ಬೀಜದ ಜೊತೆ ಕ್ಲೋವರ್ ಬೀಜವನ್ನೂ ಬೆರೆಸಿ ತಾವಾಗಿಯೇ ಬಿತ್ತುತ್ತಿದ್ದರಂತೆ! ಔಷಧಿಗೆ ಹುಲ್ಲು ಉಳಿದು ಕ್ಲೋವರ್ ಸಾಯುತ್ತಿತ್ತು. ಆಮೇಲೆ ಕ್ಲೋವರ್ ಕೂಡ ಕಳೆಯ ಪಟ್ಟಿಗೆ ಸೇರಿತು. ಈಗ ಮತ್ತೆ ಕೆಲವರು ಅಲ್ಲಿ ಬೇಕೆಂದೇ ಕ್ಲೋವರ್ ಬಿತ್ತುತ್ತಿದ್ದಾರೆ, ಅದರ ಹೂವಿಗೆ ಜೇನು ಮುತ್ತುತ್ತದೆ ಅಂತ ಅಣ್ಣನ ಮಗಳೂ ಹೇಳಿದಳು.

ಕ್ಲೋವರ್ ನಮ್ಮ ಅವರೆ, ತೊಗರಿ, ಹುರುಳಿಯ ಬಳಗ. ಅವರೆಗಿಡ ಕಿತ್ತಾಗ ಬೇರಿನಲ್ಲಿ ಗುಂಡುಸೂಜಿಯ ತಲೆಯಂತಹ ಗಂಟುಗಳನ್ನು ನೋಡಿದ್ದೀರಲ್ಲ? ಅದರೊಳಗಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ದನಕ್ಕೆ ಹಾಕುವ ಕುದುರೆ ಮಸಾಲೆ ಸೊಪ್ಪು, ನಾವು ಚಪಾತಿಗೆ ಹಾಕುವ ಮೆಂತ್ಯದ ಸೊಪ್ಪು ಇವೂ ಕ್ಲೋವರಿನ ಹತ್ತಿರದ ನೆಂಟರೇ. ಮೂರೆಲೆ ನೋಡಿದರೆ ಗೊತ್ತಾಗುವುದಿಲ್ಲವೇ? ಕ್ಲೋವರ್ ಹುಲುಸಾಗಿ ಬಂದರೆ ಆ ಮಣ್ಣಿನಲ್ಲಿ ಹೆಚ್ಚಾಗಿ ಸಾರಜನಕ ಕಡಿಮೆಯಿದೆ ಅಂತ ಅರ್ಥ. ನಮ್ಮ ಹುಳಿಸೊಪ್ಪಿಗೆ ಈ ಗುಣ ಇಲ್ಲ, ಸುಮ್ಮನೆ ಹೊಗಳಬಾರದು. ಅದು ಮಣ್ಣಿಗೆ ಏನೂ ಕೊಡುವುದಿಲ್ಲ.

ತಂಗಿಯ ಯಜಮಾನರು ಇನ್ನೂ ಎರಡು ಮಾತು ಹೇಳಿದರು. ಒಂದು, ಹುಳಿಸೊಪ್ಪು ಆ ಒಂದು ಔಷಧಿಗೆ ಪೂರ್ತಿ ಬಗ್ಗುವುದಿಲ್ಲ, ಬಾಡಿದ ಹಾಗೆ ಮಾಡಿ ಬೇರಿನಿಂದ ಮತ್ತೆ ಚಿಗುರುತ್ತದೆ. ಎರಡು, ಹೊಡೆಯುವಾಗ ಗಾಳಿ ಬೀಸಿದರೆ ಗುಲಾಬಿ, ಟೊಮೇಟೊ ಗಿಡದ ಎಲೆ ಮುರುಟಿಕೊಳ್ಳುತ್ತದೆ. ನಮ್ಮ ತುಳಸಿಕಟ್ಟೆ ಲಾನಿನ ಅಂಚಿನಲ್ಲೇ ಇದೆ. ತುಳಸಿಯೂ ಅಗಲ ಎಲೆಯ ಗಿಡವೇ ಅಲ್ಲವೇ? ಈ ಮಾತು ಹೇಳಿದಾಗ ನಮ್ಮವರು ಪೇಪರ್ ಮಡಿಸಿ ಕೆಳಗಿಟ್ಟರು.

ಕೊನೆಗೆ ಒಪ್ಪಂದವಾಯಿತು. ತುಳಸಿಕಟ್ಟೆಯ ಸುತ್ತ ಮೂರಡಿ ಅಗಲ ಅತ್ತೆಯವರದು, ಅಲ್ಲಿ ಹುಳಿಸೊಪ್ಪು ಎಷ್ಟು ಬೇಕಾದರೂ ಬೆಳೆಯಲಿ. ಮಿಕ್ಕ ಲಾನನ್ನು ಔಷಧಿಯಿಲ್ಲದೆ ಇಪ್ಪತ್ತು ದಿನದಲ್ಲಿ ನಾನು ಹಸನು ಮಾಡಿ ಕೊಡುವುದು. ನರ್ಸರಿ ಹುಡುಗನಿಗೆ ನಾನೇ ಫೋನ್ ಮಾಡಿ ಬರಬೇಡಪ್ಪಾ ಅಂದೆ.

ಹೇಗೆ ಮಾಡಿದೆ ಅಂತ ಹೇಳುತ್ತೇನೆ, ನಿಮಗೂ ಉಪಯೋಗಕ್ಕೆ ಬರಬಹುದು. ಇದರ ಕಾಂಡ ನೆಲದ ಮೇಲೆ ಹರಿದು ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದೆ. ಮೇಲಿಂದ ಎಳೆದರೆ ಕಾಂಡ ಕೈಗೆ ಬರುತ್ತದೆ, ಬೇರು ಅಲ್ಲೇ ಇರುತ್ತದೆ. ಆದ್ದರಿಂದ ಮಳೆ ಬಂದ ಮಾರನೆಯ ದಿನ, ಇಲ್ಲವೇ ಹಿಂದಿನ ಸಂಜೆ ಚೆನ್ನಾಗಿ ನೀರು ಬಿಟ್ಟು ಮಣ್ಣು ಮೆತ್ತಗಾದ ಮೇಲೆ ಕೂರಬೇಕು. ನಾನು ಬಳಸಿದ್ದು ಹಳೆಯ ಸ್ಕ್ರೂಡ್ರೈವರ್. ನಡುವಿನ ತಾಯಿಬೇರು ಹುಡುಕಿ, ಪಕ್ಕದಲ್ಲಿ ಚುಚ್ಚಿ ಮೀಟಿ, ಆಮೇಲೆ ಹರಿದ ಬಳ್ಳಿಯನ್ನು ಒಂದೊಂದೇ ಗಿಣ್ಣು ಬಿಡಿಸುತ್ತಾ ಬರಬೇಕು. ಕಾಯಿ ಬಲಿಯುವ ಮೊದಲೇ ಕೀಳುವುದು ಮುಖ್ಯ. ಬಲಿತ ಕಾಯಿ ಮುಟ್ಟಿದರೆ ಸಾಕು, ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಬೀಜ ಸಿಡಿದು ದೂರ ಬೀಳುತ್ತದೆ. ಕಾಯಿ ಬಂದಿದ್ದರೆ ಮೊದಲು ಅದರ ಮೇಲೆ ಒದ್ದೆ ಬಟ್ಟೆ ಮುಚ್ಚಿ ಕಿತ್ತೆ. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅದೇ ಬೀಜ ಗೊಬ್ಬರದ ಜೊತೆ ತಿರುಗಿ ಅಂಗಳಕ್ಕೆ ಬರುತ್ತದೆ.

ನರ್ಸರಿಯಿಂದ ತರುವ ಹೂಕುಂಡಗಳನ್ನೂ ಒಮ್ಮೆ ನೋಡಿ. ಕುಂಡದ ಮಣ್ಣಿನಲ್ಲಿ ಈ ಮೂರೆಲೆ ಇದ್ದರೆ ಗೇಟಿನ ಹೊರಗೇ ಕಿತ್ತುಬಿಡಿ. ಗುಲಾಬಿ ಬಣ್ಣದ ಹೂ ಬಿಡುವ, ಎಲೆ ದೊಡ್ಡದಾಗಿರುವ ಇನ್ನೊಂದು ಜಾತಿ ಇದೆ. ನೋಡಲು ಚೆಂದ, ಆದರೆ ಬುಡದಲ್ಲಿ ಸಣ್ಣ ಈರುಳ್ಳಿಯಂತಹ ಗೆಡ್ಡೆಗಳ ಗೊಂಚಲು. ಎಳೆದರೆ ಗೆಡ್ಡೆಗಳು ಉದುರಿ ಒಂದು ಹತ್ತಾಗುತ್ತದೆ. ಅದನ್ನು ಮಣ್ಣಿನ ಸಮೇತ ಅಗೆದೇ ತೆಗೆಯಬೇಕು.

ಕಿತ್ತರೆ ಮಾತ್ರ ಸಾಲದು, ಹುಲ್ಲು ಬಲವಾಗಬೇಕು. ನಮ್ಮವರಿಗೆ ಹುಲ್ಲನ್ನು ನುಣ್ಣಗೆ, ಕ್ಷೌರ ಮಾಡಿದ ಹಾಗೆ ಕತ್ತರಿಸುವ ಅಭ್ಯಾಸ. ಹಾಗೆ ಮಾಡಿದರೆ ಬಿಸಿಲು ನೇರ ಮಣ್ಣಿಗೆ ಬಿದ್ದು ಕಳೆಯ ಬೀಜಕ್ಕೆ ಹಬ್ಬ. ಎರಡು ಅಂಗುಲ ಬಿಟ್ಟು ಕತ್ತರಿಸಿದರೆ ಹುಲ್ಲಿನ ನೆರಳಿಗೆ ಬೀಜ ಮೊಳೆಯುವುದು ಕಡಿಮೆ. ದಿನಾ ಸಂಜೆ ಚಿಮುಕಿಸುವ ನೀರೂ ಕಳೆಗೇ ಹಿತ, ಮೇಲುಮಣ್ಣು ಸದಾ ಒದ್ದೆಯಿರುತ್ತದಲ್ಲ. ಅದರ ಬದಲು ಮೂರು ನಾಲ್ಕು ದಿನಕ್ಕೊಮ್ಮೆ ಬೇರಿಗೆ ಇಳಿಯುವ ಹಾಗೆ ಬಿಟ್ಟೆ. ಬೋರ್‌ವೆಲ್ ನೀರೂ ಉಳಿಯಿತು. ಕಿತ್ತ ಜಾಗದ ಬೋಳುಗಳಿಗೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರವನ್ನು ಜರಡಿ ಹಿಡಿದು ಮಣ್ಣಿನ ಜೊತೆ ಬೆರೆಸಿ ಹರಡಿ, ಅಂಚಿನಿಂದ ಹುಲ್ಲಿನ ತುಂಡು ತಂದು ನೆಟ್ಟೆ. ಅರೆಕಳಿತ ಗೊಬ್ಬರ ಹಾಕಬೇಡಿ, ಅದರಲ್ಲೇ ಕಳೆಯ ಬೀಜ ಇರುತ್ತದೆ.

ಹುಲ್ಲಿನ ತುಂಡು ಅಂದೆನಲ್ಲ, ನಮ್ಮ ಲಾನಿನ ಒಂದು ಬದಿಯಲ್ಲಿರುವುದು ಬರ್ಮುಡಾ ಹುಲ್ಲಂತೆ. ಬಿಲ್ಲಿನಲ್ಲಿ ಹಾಗೇ ಬರೆದಿದ್ದರು, ನಮ್ಮವರು ಬಹಳ ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಿದ್ದರು. ಅತ್ತೆ ಒಂದು ದಿನ ಒಂದು ಎಳೆ ಕಿತ್ತು ನೋಡಿ, “ಇದು ಗರಿಕೆ ಅಲ್ವೇನೇ?” ಅಂದರು. ಹೌದು ನೋಡಿ! ಬರ್ಮುಡಾ ಹುಲ್ಲು ಅಂದರೆ ನಮ್ಮ ಗರಿಕೆಯೇ, ಗಣಪತಿಗೆ ಏರಿಸುವ ದೂರ್ವೆ. ಹೊಲದಲ್ಲಿ ಬಂದರೆ ರೈತ ಅದಕ್ಕೇ ಕಳೆ ಅಂತ ಶಾಪ ಹಾಕುತ್ತಾನೆ. ನಾವು ದುಡ್ಡು ಕೊಟ್ಟು ಹಾಕಿಸಿಕೊಂಡೆವು. ಆಮೇಲೆ ಈ ಮಾತು ಬಂದಾಗಲೆಲ್ಲಾ ನಮ್ಮವರು ವಿಷಯ ಬದಲಿಸುತ್ತಾರೆ.

ಇಪ್ಪತ್ತು ದಿನ ಬೆಳಿಗ್ಗೆ ಒಂದೊಂದು ಗಂಟೆ ನಾನು ಕಿತ್ತೆ. ಮೂರನೆಯ ದಿನದಿಂದ ಅತ್ತೆ ಮಣೆ ತಂದು ಪಕ್ಕದಲ್ಲಿ ಕೂತರು. ನಾನು ಕಿತ್ತು ಹಾಕಿದ್ದನ್ನು ಅವರು ಎಳೆಯದು ಬೇರೆ, ಬಲಿತದ್ದು ಬೇರೆ ಮಾಡುವುದು. ಸೊಂಟ ಹಿಡಿದುಕೊಂಡಿತು, ಸುಳ್ಳು ಹೇಳುವುದಿಲ್ಲ. ಮಗಳೂ ಭಾನುವಾರ ಕೈ ಜೋಡಿಸಿದಳು. ನಮ್ಮವರು ಒಂದು ದಿನ ಕಾಫಿ ಲೋಟ ಹಿಡಿದು ಬಂದು ನಿಂತು, “ಅಮ್ಮಾ, ಬಿಸಿಲಾಯ್ತು, ಒಳಗೆ ಬಾ” ಅಂದರು. ಅವರ ಬಾಯಲ್ಲಿ ತಾಯಿಗೆ ಅಷ್ಟು ಮೆತ್ತಗಿನ ಮಾತು ಕೇಳಿ ಬಹಳ ದಿನವಾಗಿತ್ತು.

ಗಂಡಿನ ಕಡೆಯವರು ಬಂದ ದಿನ ಜೋರು ಮಳೆ. ಕೊಡೆ ಹಿಡಿದು ಗೇಟಿನಿಂದ ಓಡಿ ಒಳಗೆ ಬಂದವರು ಲಾನ್ ಕಡೆ ತಿರುಗಿಯೂ ನೋಡಲಿಲ್ಲ. ಉಪ್ಪಿಟ್ಟು, ಕೇಸರಿಬಾತು ತಿಂದು ಹೋದರು. ಎಂಟು ದಿನಕ್ಕೆ ಜಾತಕ ಕೂಡಲಿಲ್ಲ ಅಂತ ಫೋನ್ ಬಂತು. ಮಗಳು ಹಾಯಾಗಿದ್ದಾಳೆ, ಕೆಲಸಕ್ಕೆ ಸೇರಿದ್ದಾಳೆ. ನಮ್ಮವರಿಗೆ ಎರಡು ದಿನ ಬೇಸರವಿತ್ತು.

ತಂಬುಳಿ ಹೇಗೆ ಅಂತ ಕೇಳದೆ ಬಿಡುವವರಲ್ಲ ನೀವು. ಎರಡು ಹಿಡಿ ಎಳೆಯ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಿರಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಅದಕ್ಕೇ ಸೊಪ್ಪು ಹಾಕಿ ಬಾಡಿಸಿ. ಸೊಪ್ಪು ಹಸಿರು ಬಣ್ಣ ಕಳೆದುಕೊಂಡು ಮುದುಡುತ್ತದೆ, ಗಾಬರಿಯಾಗಬೇಡಿ. ಆರಿದ ಮೇಲೆ ಕಾಲು ಬಟ್ಟಲು ತೆಂಗಿನಕಾಯಿ ತುರಿಯ ಜೊತೆ ನುಣ್ಣಗೆ ರುಬ್ಬಿ, ಎರಡು ಲೋಟ ಸಿಹಿ ಮಜ್ಜಿಗೆ, ಉಪ್ಪು ಬೆರೆಸಿ, ತುಪ್ಪದಲ್ಲಿ ಸಾಸಿವೆ ಮತ್ತು ಒಂದು ಒಣಮೆಣಸಿನಕಾಯಿಯ ಒಗ್ಗರಣೆ ಕೊಡಿ. ಸೊಪ್ಪೇ ಹುಳಿ, ಆದ್ದರಿಂದ ಮಜ್ಜಿಗೆ ಹುಳಿಯಿರಬಾರದು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ. ಪಾತ್ರೆ ಉಜ್ಜುವ ಸೊಪ್ಪು ಪಾತ್ರೆಯನ್ನೂ ತಿನ್ನುತ್ತದೆ. ಮೂತ್ರಪಿಂಡದಲ್ಲಿ ಕಲ್ಲು ಇರುವವರಿಗೆ ಈ ಸೊಪ್ಪು ಬೇಡ, ಆಕ್ಸಾಲಿಕ್ ಆಮ್ಲ ಅವರಿಗೆ ಆಗುವುದಿಲ್ಲ. ಮಿಕ್ಕವರೂ ದಿನಾ ತಿನ್ನುವಂಥದಲ್ಲ, ವಾರಕ್ಕೆ ಒಂದೆರಡು ಸಲ ಸಾಕು. ರಸ್ತೆಬದಿಯದು, ನಾಯಿ ಓಡಾಡುವ ಜಾಗದ್ದು, ಯಾರೋ ಔಷಧಿ ಹೊಡೆದ ಲಾನಿನದು ಕೀಳಬೇಡಿ.

ಈ ವರ್ಷವೂ ಮಳೆ ಹಿಡಿದಿದೆ. ತುಳಸಿಕಟ್ಟೆಯ ಮೂರಡಿಯಿಂದ ಬೀಜ ಸಿಡಿದು ಲಾನಿಗೆ ಬರುತ್ತಲೇ ಇದೆ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಕೂತರೆ ಸಾಕು ಈಗ, ಮೊದಲಿನಷ್ಟಿಲ್ಲ. ಮೊನ್ನೆ ಗಡಿ ಎಲ್ಲಿ ಅಂತ ಗೊತ್ತಾಗಲಿ ಅಂತ ನಮ್ಮವರು ಒಂದು ಸಾಲು ಇಟ್ಟಿಗೆ ಇಟ್ಟರು. ಅತ್ತೆ ಅದನ್ನು ನೋಡಿ, “ಅರ್ಧ ಅಡಿ ನನ್ನ ಕಡೆ ತಿಂದಿದಾನೆ ನಿನ್ನ ಗಂಡ” ಅಂದರು. ಅಳೆದು ನೋಡಿದೆ, ನಿಜ. ಇಟ್ಟಿಗೆ ಸರಿಸಿ ಇಟ್ಟಿದ್ದೇನೆ.